ಸೀಟಿ ಮೇಷ್ಟ್ರ ಷೇರು

ಶಾಲೆಯಲ್ಲಿ ಆಟ ಕಲಿಸುವ ಸೀಟಿ ಮೇಷ್ಟ್ರು ಟೊಮೆಟೊ ಕೊಳ್ಳುವಾಗಲೂ ಒಂದೊಂದನ್ನೂ ಅದುಮಿ ನೋಡುವವರು. ಅಂಥವರು, ವ್ಯಾಯಾಮಶಾಲೆಯ ಗೆಳೆಯನೊಬ್ಬ ಕಿವಿಯೂದಿದನೆಂದು ಉಳಿತಾಯದ ಅರ್ಧವನ್ನು ಒಂದೇ ಕಂಪನಿಯ ಷೇರಿಗೆ ಸುರಿದರು.

ಅದೇ ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ ಕೇಳಿದಳು, "ಆ ಕಂಪನಿ ಏನು ಮಾಡುತ್ತೆ ರೀ?"

"ಪಂಪೋ ಪೈಪೋ. ಅದೆಲ್ಲ ನಿನಗ್ಯಾಕೆ? ಏರ್ತಾ ಇದೆ ತಾನೆ."

ಅವಳು ತನ್ನ ಪಾಲಿನ ಹಣದಲ್ಲಿ ಇಟಿಎಫ್ ಕೊಂಡಳು. "ಒಂದು ಯೂನಿಟ್ ತಗೊಂಡ್ರೆ ಐವತ್ತು ಕಂಪನಿಗಳಲ್ಲಿ ಚೂರುಚೂರು ಪಾಲು ಸಿಗುತ್ತೆ. ಒಂದು ಮುಳುಗಿದ್ರೂ ಉಳಿದವು ಇರ್ತವೆ," ಎಂದಳು.

"ಪುಕ್ಕಲರ ಆಟ," ಎಂದು ಮೇಷ್ಟ್ರು ನಕ್ಕರು.

ವರ್ಷ ತುಂಬುವುದರೊಳಗೆ ಆ ಕಂಪನಿಯ ಕಾರ್ಖಾನೆಗೆ ಬೀಗ ಬಿತ್ತು. ಷೇರನ್ನು ಕೇಳುವವರೇ ಇಲ್ಲದಾಯಿತು. ಗೆಳೆಯ ವ್ಯಾಯಾಮವನ್ನೇ ಬಿಟ್ಟ. ಮೇಷ್ಟ್ರಿಗೆ ಮಾತ್ರ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಾರುಕಟ್ಟೆಗೇ ಬುದ್ಧಿ ಕೆಟ್ಟಿದೆ ಎಂದು ಸಾಧಿಸಿದರು.

ಒಂದು ಮಧ್ಯಾಹ್ನ ಹೆಂಡತಿ ಉತ್ತರಪತ್ರಿಕೆಗಳನ್ನು ಹೊತ್ತು ಬಂದಾಗ ಶಿಕ್ಷಕರ ಕೋಣೆಯಲ್ಲಿ ಗಂಡನ ಉಪದೇಶ ನಡೆದಿತ್ತು.

"ಹೊಸಬರು ಒಂದೇ ಷೇರನ್ನು ನೆಚ್ಚಬಾರದು ಕಣ್ರಪ್ಪ. ಇಟಿಎಫ್ ತಗೊಳ್ಳಿ. ನಾನು ಮೊದಲಿಂದಲೂ ಅದನ್ನೇ ಹೇಳ್ತಾ ಬಂದಿದ್ದೀನಿ."

"ನೀವೆಷ್ಟು ತಗೊಂಡಿದ್ದೀರಿ?" ಎಂದು ಅವಳು ಬಾಗಿಲಲ್ಲೇ ನಿಂತು ಕೇಳಿದಳು.

ಮೇಷ್ಟ್ರು, ಇನ್ನೂ ಹೊಡೆಯದ ಗಂಟೆಯ ನೆಪ ಹೇಳಿ ಮೈದಾನದತ್ತ ನಡೆದರು.