ಗಿರಣಿ ಅಕ್ಕ ಎತ್ತಿಕೊಟ್ಟ ಮೊದಲ ಡಬ್ಬ

ಹೋದ ವಾರ ನಮ್ಮ ಮನೆಯಲ್ಲಿ ಚಪಾತಿ ಖಾರವಾಗಿತ್ತು. ಪಲ್ಯವಲ್ಲ, ಚಪಾತಿಯೇ. ಮೊದಲ ತುತ್ತಿಗೇ ಮೂಗು ಚುರುಗುಟ್ಟಿ ಸೀನು ಬಂತು. "ಮಿಲ್ಲಲ್ಲಿ ನಮಗಿಂತ ಮುಂಚೆ ಯಾರೋ ಮೆಣಸಿನಕಾಯಿ ಹಾಕ್ಸಿದಾರೆ ಕಣ್ರೀ, ಅದರ ಮೇಲೇ ನಮ್ ಗೋಧಿ ಸುರಿದುಬಿಟ್ಟಿದಾನೆ," ಎಂದಳು ಹೆಂಡತಿ. ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಗಿರಣಿಯವನಿಗೆ ಸರದಿಯ ಬೆಲೆ ಗೊತ್ತಿಲ್ಲ. ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಮೂಸಿದೆ. ಗೋಧಿಯ ಸಿಹಿ ವಾಸನೆ, ಅದರ ಅಡಿಯಲ್ಲಿ ಒಣಮೆಣಸಿನಕಾಯಿಯ ಘಾಟು… ಭದ್ರಾವತಿಯ ಗಿರಣಿ ಅಕ್ಕನ ಶೆಡ್ಡು ಕಣ್ಣ ಮುಂದೆ ಬಂದು ನಿಂತಿತು.

ಅವರು ನನಗೆ ನೆಂಟರೇನೂ ಅಲ್ಲ. ಅವರ ಗಿರಣಿಯ ಎದುರಿನ ವಠಾರದಲ್ಲಿ ನಾನಿದ್ದೆ. ಹಳೇ ಸ್ಕೂಟರ್ ಕೊಡಿಸುವುದು, ಮಾರಿಸುವುದು ಆಗ ನನ್ನ ಕಸುಬು. ಸೈಟಿನ ವ್ಯಾಪಾರಕ್ಕೆ ಆಗಷ್ಟೇ ಕೈ ಹಾಕಿದ್ದೆ. ಗಿರಾಕಿ ಬೇಕೆಂದರೆ ಹೋಟೆಲಿನಲ್ಲಿ ಕೂರಬಾರದು, ಗಿರಣಿಯ ಮುಂದೆ ನಿಲ್ಲಬೇಕು. ಹಿಟ್ಟಿಗೆ ಕಾಯುವವರು ಸುಮ್ಮನೆ ನಿಲ್ಲಲಾರರು. ಯಾರ ಮನೆಯಲ್ಲಿ ಪಾಲಾಗುತ್ತಿದೆ, ಯಾರಿಗೆ ಜಾಗ ಮಾರುವ ಅವಸರ, ಎಲ್ಲ ಅಲ್ಲೇ ಬೀಳುತ್ತದೆ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ಈಗಲೂ ನಾನು ಹೇಳುವ ಮೊದಲ ಮಾತು ಇದೇ.

ಗಿರಣಿ ಅಕ್ಕನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಯಾವಾಗಲೂ ಬೆಳ್ಳಗೆ. ಮೆಷಿನ್ನಿನ ಸದ್ದಿಗೆ ಬೆಳೆದ ಗಂಟಲು. ಮೆಷಿನ್ ನಿಂತಾಗಲೂ ಅಷ್ಟೇ ಜೋರು. ಒಂದು ಹಲಗೆಯ ಮೇಲೆ ಡಬ್ಬಗಳ ಸಾಲು. ಖಾರದ ಡಬ್ಬ ಯಾರದೇ ಇರಲಿ, ದಿನದ ಕೊನೆಗೆ. ಸರದಿಯ ಜಗಳ ತಮಿಳಿನಲ್ಲಿ ಶುರುವಾಗಿ ತೆಲುಗಿಗೆ ಏರಿದರೂ ತೀರ್ಪು ಮಾತ್ರ ಅಕ್ಕನ ಕನ್ನಡದಲ್ಲಿ: "ನಿಂಗೆ ಅರ್ಜೆಂಟಿದ್ರೆ, ಅವಳು ಒಪ್ಪಿದ್ರೆ, ಅವಳ ಡಬ್ಬ ಇದ್ದ ಜಾಗದಲ್ಲಿ ನಿನ್ ಡಬ್ಬ ಇಡು. ಅವಳು ಎತ್ಕೊಂಡ್ ಹೋದ್ಮೇಲೆ ಬಂದು ಆ ಜಾಗ ನಂದು ಅನ್ಬೇಡ. ಆಗ ಹಿಂದಿನೋರು ಮುಂದಕ್ಕೆ ಬರ್ತಾರೆ. ಗೊತ್ತಾಯ್ತಾ ತಾಯಿ?"

ಆ ಮಾತನ್ನು ಓದುವವರು ನೆನಪಿಟ್ಟುಕೊಳ್ಳಿ. ಅಕ್ಕ ಕೆಟ್ಟದ್ದು ಅದೇ ಮಾತಿನಿಂದ.

ಜಾಗ ಅವರ ತಂದೆಯದು. ಕಾರ್ಖಾನೆಯಲ್ಲಿ ದುಡಿದು ಕೊಂಡದ್ದು. ತಂದೆ ಹೋದ ಮೇಲೆ ಅಕ್ಕ ಒಂದು ಸೀರೆ, ಬಟ್ಟಲು ಅರಿಸಿನ ಕುಂಕುಮ ತೆಗೆದುಕೊಂಡು ತಮ್ಮನ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದರು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಹಾಕುವ ಸಹಿ ಅದು. ಊಟದ ಎಲೆ ಎತ್ತುವಷ್ಟು ಸಲೀಸಾಗಿ ಹಾಕುತ್ತಾರೆ. ಮುಂದೆ ಗಂಡ ತೀರಿಕೊಂಡು ವಾಪಸು ಬಂದಾಗ ಅದೇ ಜಾಗದ ಮುಂಭಾಗದಲ್ಲಿ ಶೆಡ್ಡು ಹಾಕಿ ಗಿರಣಿ ಇಟ್ಟರು. ತಿಂಗಳು ತಿಂಗಳು ತಮ್ಮನ ಕೈಗೆ ದುಡ್ಡು ಕೊಡುತ್ತಿದ್ದರು. ಯಾತಕ್ಕೆಂದು ಇವರು ಹೇಳಲಿಲ್ಲ, ಅವನು ಕೇಳಲಿಲ್ಲ.

ತಮ್ಮನದು ಮಾಚೇನಹಳ್ಳಿಯಲ್ಲೊಂದು ವರ್ಕ್‌ಶಾಪು. ಮೆಷಿನ್ ಕೊಳ್ಳಲು ಜಾಗವನ್ನು ಬ್ಯಾಂಕಿಗೆ ಅಡವಿಟ್ಟ. ಅದು ಸಾಲದೆ ಅದೇ ಜಾಗವನ್ನು ಒಬ್ಬ ಫೈನಾನ್ಸಿನವನಿಗೂ ಬರೆದುಕೊಟ್ಟ. ಎರಡನೆಯವನಿಗೆ ಎರಡನೆಯ ಸರದಿ: ಬ್ಯಾಂಕಿನದು ತೀರಿ ಉಳಿದದ್ದರಲ್ಲಿ ಮಾತ್ರ ಇವನಿಗೆ. ವರ್ಕ್‌ಶಾಪು ಮುಚ್ಚಿತು. ಬ್ಯಾಂಕಿನ ಹರಾಜು ನೋಟೀಸು ಗಿರಣಿಯ ಬಾಗಿಲಿಗೆ ಬಂತು. ಹರಾಜಾದರೆ ಉಳಿಯುವುದೇನೂ ಇಲ್ಲ ಎಂದು ಫೈನಾನ್ಸಿನವನಿಗೂ ಗೊತ್ತಿತ್ತು. ಮುಖ ಇಳಿಬಿಟ್ಟುಕೊಂಡು ಓಡಾಡುತ್ತಿದ್ದ.

ಆಗ ಅಕ್ಕ ಬಳೆ, ಸರ, ತಾಯಿಯ ಓಲೆ ಎಲ್ಲವನ್ನೂ ಮಾರಿದರು. ಬ್ಯಾಂಕಿಗೆ ಕಟ್ಟಲು ಹೊರಟವರನ್ನು ನಾನು ಗಿರಣಿಯ ಬಾಗಿಲಲ್ಲೇ ತಡೆದೆ. ಆ ಹೊತ್ತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಕಟ್ಟೆಯ ಮೇಲೆ ಕೂತು ಕೂತು ನನಗಿಷ್ಟು ತಿಳಿದಿತ್ತು.

"ಕಟ್ಟೋದು ಕಟ್ಟಿ ಅಕ್ಕ. ಆದ್ರೆ ಮೊದಲು ತಮ್ಮನ ಕೈಲಿ ಒಂದು ಪತ್ರ ರಿಜಿಸ್ಟರ್ ಮಾಡಿಸ್ಕೊಳ್ಳಿ. ಬ್ಯಾಂಕಿನ ಜಾಗದಲ್ಲಿ ಇನ್ಮೇಲೆ ನಮ್ಮಕ್ಕ ಅಂತ. ಆಗ ನೀವು ಮೊದಲನೇರು, ಆ ಫೈನಾನ್ಸಿನೋನು ಹಿಂದೆ."

"ಸ್ವಂತ ತಮ್ಮನ ಹತ್ರ ಪತ್ರ ಬರೆಸ್ಕೊಳ್ಳೋದಾ? ನಿಮ್ಮಮ್ಮ ಅನ್ನ ಹಾಕಿದ್ದಕ್ಕೆ ರಸೀದಿ ಇಸ್ಕೊಂಡಿದ್ಲೇನೋ ಮಾರಾಯ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕ ಹೋಗಿ ಕಟ್ಟಿ ಬಂದರು. ಜಾಗದ ಕಾಗದಗಳನ್ನು ದೇವರ ಮುಂದಿಟ್ಟು ಎಲ್ಲರಿಗೂ ಪೇಡ ಹಂಚಿದರು. ತಮ್ಮ ಕಾಲಿಗೆ ಬಿದ್ದ. ಪೇಡ ಚೆನ್ನಾಗಿತ್ತು, ನಾನೂ ಎರಡು ತಿಂದೆ.

ಪೇಡ ಕರಗುವ ಮುಂಚೆಯೇ ಎನ್ನುವಂತೆ ಫೈನಾನ್ಸಿನವನು ಕೇಸು ಹಾಕಿದ. ಅವನ ಮುಂದೆ ನಿಂತಿದ್ದ ಬ್ಯಾಂಕು ದುಡ್ಡು ಇಸಿದುಕೊಂಡು ಹೊರಟುಹೋಗಿತ್ತು. ಈಗ ಇಡೀ ಜಾಗಕ್ಕೆ ಅವನೇ ಮೊದಲನೆಯವನು. ಅಕ್ಕನ ಚಿನ್ನ ಅವನಿಗೆ ದಾರಿ ಮಾಡಿಕೊಟ್ಟಿತ್ತು. ಸಂಜೆ ಸಾಲಿನ ಡಬ್ಬಗಳನ್ನು ತೋರಿಸಿಯೇ ಇದನ್ನು ಹೇಳಿದೆ. ಅವರು ಸಾಲಿನ ಮೊದಲ ಡಬ್ಬದ ಮೇಲೆ ಕೈಯಿಟ್ಟರು.

"ಅಂದ್ರೆ ಮೊದಲನೇ ಡಬ್ಬಾನ ನಾನೇ ಎತ್ತಿಕೊಟ್ಟು ಕಳಿಸ್ದೆ ಅನ್ನು…"

ಶಿವಮೊಗ್ಗದ ಒಬ್ಬ ವಕೀಲರ ಬಳಿ ಕರೆದುಕೊಂಡು ಹೋದೆ. ವಯಸ್ಸಾದವರು, ಮಾತು ಕಡಿಮೆ, ಫೀಸು ಜಾಸ್ತಿ. ಪತ್ರವಿಲ್ಲದಿದ್ದರೂ ಒಂದು ಕಿಂಡಿಯಿದೆ ಎಂದರು. ಆ ಜಾಗದಲ್ಲಿ ತನ್ನದೇ ಹಕ್ಕೊಂದು ಇದ್ದವರು, ಅದನ್ನು ಉಳಿಸಿಕೊಳ್ಳಲು ಮೊದಲ ಸಾಲ ತೀರಿಸಿದರೆ, ಕಾನೂನು ತಾನಾಗಿಯೇ ಅವರನ್ನು ಮೊದಲು ಸಾಲ ಕೊಟ್ಟವನ ಜಾಗದಲ್ಲಿ ನಿಲ್ಲಿಸುತ್ತದೆ. ಬಾಡಿಗೆದಾರಳಾದರೂ ಸಾಕು. "ತಿಂಗಳು ತಿಂಗಳು ಕೊಟ್ಟಿದ್ದು ಗಿರಣಿ ಬಾಡಿಗೆ. ಗಿರಣಿ ಉಳಿಸ್ಕೊಳ್ಳೋಕೆ ಬ್ಯಾಂಕಿಗೆ ಕಟ್ಟಿದೆ. ಇಷ್ಟು ಹೇಳಮ್ಮ, ಹೆಚ್ಚಿಗೆ ಒಂದಕ್ಷರ ಬೇಡ."

ಸುಳ್ಳು ಹೇಳು ಎಂದು ಅವರೇನೂ ಹೇಳಲಿಲ್ಲ. ಆ ದುಡ್ಡು ಬಾಡಿಗೆಯಲ್ಲದೆ ಇನ್ನೇನು? ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಪಾಠ ಮಾಡಿಸಿದೆ.

"ಬಾಡಿಗೆ ಅನ್ನಿ ಅಕ್ಕ."

"ಬಾಡ್ಗೆ."

"ಜೋರಾಗಿ. ಜಡ್ಜ್ ಸಾಹೇಬರಿಗೆ ಕೇಳಿಸ್ಬೇಕು."

"ಬಾಡಿಗೆ! ಸಾಕಾ? ಅನ್ನದಲ್ಲಿ ಕಲ್ಲು ಸಿಕ್ಕಂಗಾಗುತ್ತೆ ಕಣೋ ಅನ್ನೋವಾಗ."

ಕಂಡಕ್ಟರ್ ತಿರುಗಿ ನೋಡಿದ. "ಎಲ್ಲಿ ಅಮ್ಮಾ ಮನೆ ಬಾಡಿಗೆಗಿರೋದು? ನಂಗೂ ಒಂದು ಬೇಕಿತ್ತು." ಮಾಚೇನಹಳ್ಳಿ ದಾಟುವವರೆಗೂ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಮತ್ತೆ ನಾನು ನೋಡಲಿಲ್ಲ.

ಸಾಕ್ಷಿ ಹೇಳುವ ದಿನ ಭದ್ರಾವತಿಯ ಕೋರ್ಟಿನಲ್ಲಿ ತಮ್ಮ ಮುಂದಿನ ಬೆಂಚಿನಲ್ಲೇ ಕೂತಿದ್ದ. ಜೊತೆಗೆ ಅವನ ಹೆಂಡತಿ, ಅವಳ ಅಣ್ಣ, ಇನ್ನಿಬ್ಬರು ನೆಂಟರು. ಕೇಸಿಗೆ ಅವರ ಅಗತ್ಯವಿರಲಿಲ್ಲ. ಅವರನ್ನು ಕರೆಸಿದ್ದು ಯಾಕೆಂದು ನನಗೆ ಅರ್ಥವಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಫೈನಾನ್ಸಿನವನ ವಕೀಲ ಚಿಕ್ಕ ವಯಸ್ಸಿನವನು, ನಯವಾದ ಮಾತು. ದಾಖಲೆ ತೋರಿಸಲಿಲ್ಲ, ಗದರಲಿಲ್ಲ. ನೆಂಟರತ್ತ ಒಮ್ಮೆ ನೋಡಿ ಕೇಳಿದ: "ಏನಮ್ಮಾ, ನಿಮ್ಮ ತಂದೆ ಜಾಗದಲ್ಲಿ ಕೂರೋಕೆ ಒಡಹುಟ್ಟಿದ ತಮ್ಮ ನಿಮ್ಮತ್ರ ಬಾಡಿಗೆ ವಸೂಲಿ ಮಾಡ್ತಿದ್ದ, ಅಂಥ ಕಟುಕ ಅವನು. ಅಲ್ವಾ?"

ಅಕ್ಕ ತಮ್ಮನ ಕಡೆ ನೋಡಿದರು. ಅವನು ಸರಿಯಾಗಿ ಅದೇ ಹೊತ್ತಿಗೆ ತಲೆ ತಗ್ಗಿಸಿ ಕರ್ಚೀಫು ತೆಗೆದ.

ನಾನು ಹಿಂದಿನಿಂದ ಕಣ್ಣು ಬಿಟ್ಟೆ, ಕೈ ತೋರಿಸಿದೆ. ಆ ಕಟಕಟೆಯೊಳಗಿಂದ ಅವರಿಗೆ ನಾನು ಕಾಣಲೇ ಇಲ್ಲವೇನೋ…

"ನನ್ ತಮ್ಮನ ಬಗ್ಗೆ ಹಂಗೆಲ್ಲ ಅನ್ಬೇಡಿ ಸ್ವಾಮಿ. ನಮ್ಮಪ್ಪನ ಜಾಗದಲ್ಲಿ ನಾನು ಬಾಡಿಗೆ ಕೊಡೋಳಾ? ಅವನ ಮಕ್ಕಳ ಖರ್ಚಿಗೆ ಇರ್ಲಿ ಅಂತ ಪ್ರೀತಿಯಿಂದ ಕೊಟ್ಟೆ."

"ಬ್ಯಾಂಕಿಗೆ ಕಟ್ಟಿದ್ದೂ ಪ್ರೀತಿಯಿಂದಾನೇ?"

"ಮತ್ತೆ? ಬಡ್ಡಿ ಆಸೆಗೆ ಕಟ್ಟೋಕೆ ನಾನೇನು ನಿಮ್ ಫೈನಾನ್ಸಿನೋನಾ?"

ಕೋರ್ಟಿನಲ್ಲಿ ನಗು ಎದ್ದಿತು. ಜಡ್ಜರ ತುಟಿಯೂ ಕೊಂಚ ಅಲುಗಿತು. ಚಿಕ್ಕ ವಕೀಲ ತಾನೂ ನಕ್ಕು, ಕೈ ಮುಗಿದು ಕೂತ. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕ ಮೆಟ್ಟಿಲಿಳಿದು ಬಂದು ನನ್ನನ್ನು ಕೇಳಿದರು, "ಹೆಂಗೆ? ಅವನ ಬಾಯಿ ಮುಚ್ಚಿಸ್ದೆ ಅಲ್ವಾ?"

ತಮ್ಮನ ಸಾಕ್ಷಿ ಅದಕ್ಕಿಂತ ಚಿಕ್ಕದು. "ಅಕ್ಕ ಪ್ರೀತಿಯಿಂದ ಕೊಟ್ಟಿದ್ದು" ಎಂದ. ಅವರದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರೀತಿಯಿಂದ ಕೊಟ್ಟವರಿಗೆ ಸರದಿಯಿಲ್ಲ. ಜಾಗ ಬಿಟ್ಟುಕೊಟ್ಟರೆ ಮಿಕ್ಕ ಸಾಲ ಮನ್ನಾ ಎಂದು ಫೈನಾನ್ಸಿನವನು ಅವನಿಗೆ ಮೊದಲೇ ಮಾತು ಕೊಟ್ಟಿದ್ದ ಎಂಬುದು ಆಮೇಲೆ ತಿಳಿಯಿತು.

ಕೇಸು ಗೆದ್ದು ಫೈನಾನ್ಸಿನವನು ಜಾಗವನ್ನು ತಾನೇ ಹಿಡಿದ. ಮೆಷಿನ್ ಅಕ್ಕನದು, ಆದರೆ ಅದನ್ನು ಕಿತ್ತು ಸಾಗಿಸಿ ಇನ್ನೊಂದು ಕಡೆ ಕೂರಿಸಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಗುಜರಿ ಬೆಲೆಗೆ ಅವನಿಗೇ ಕೊಟ್ಟರು. ಬುದ್ಧಿವಂತ, ಗಿರಣಿ ಮುಚ್ಚಲಿಲ್ಲ. ಅಕ್ಕನನ್ನೇ ದಿನಗೂಲಿಗೆ ಇಟ್ಟುಕೊಂಡ. ಅದೇ ಹಲಗೆ, ಅದೇ ಸಾಲು, ಅದೇ ಗಂಟಲು. ಗೊತ್ತಿಲ್ಲದವರಿಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ.

ಒಂದು ದಿನ ನಾನಲ್ಲಿರುವಾಗ ತಮ್ಮ ಗೋಧಿ ಚೀಲ ತಂದ. ಅಕ್ಕ ಬೀಸಿ, ಬಿಸಿ ಹಿಟ್ಟನ್ನು ತಾವೇ ಆರಿಸಿ, ಚೀಲದ ಬಾಯಿ ಕಟ್ಟಿ ಅವನ ಗಾಡಿಯ ಮೇಲಿಟ್ಟರು. ಅವನು ಜೇಬಿಗೆ ಕೈ ಹಾಕುವ ಶಾಸ್ತ್ರ ಮಾಡಿದ. "ಹೋಗೋ, ನಿನ್ನತ್ರ ದುಡ್ಡು ಇಸ್ಕೊಳ್ತೀನಾ," ಎಂದರು. ಅವನು ಹೋದ. ಸಂಜೆ ಯಜಮಾನ ಆ ಬೀಸುಗೂಲಿಯನ್ನು ಅಕ್ಕನ ಕೂಲಿಯಲ್ಲಿ ಹಿಡಿದುಕೊಂಡ. ತಮ್ಮ ಆಮೇಲೂ ಬರುತ್ತಲೇ ಇದ್ದ. ಚೀಲ ದೊಡ್ಡದಾಗುತ್ತಾ ಹೋಯಿತು.

"ಅವನಿಗೆ ಹೇಳ್ಬಾರ್ದಾ ಅಕ್ಕ, ನಿಮ್ ಕೂಲೀಲಿ ಹಿಡೀತಾರೆ ಅಂತ?"

"ಹೇಳಿದ್ರೆ ಬರೋದು ಬಿಡ್ತಾನೆ ಕಣೋ," ಎಂದು ಹಲಗೆಯ ಮೇಲಿನ ಡಬ್ಬ ಸರಿಸಿದರು.

ಅಕ್ಕ ಸತ್ತಾಗ ನಾನು ಶಿವಮೊಗ್ಗಕ್ಕೆ ಬಂದಾಗಿತ್ತು. ಮಣ್ಣಿಗೆ ಹೋಗಿದ್ದೆ. ತಮ್ಮ ಬಾಯಿ ಬಿಟ್ಟು ಅತ್ತ; ಅಳು ನಿಜವೇ ಇರಬೇಕು. ಮರುದಿನ ಗಿರಣಿಗೆ ಹೋಗಿ ಅಕ್ಕನ ಬಾಕಿ ಕೂಲಿ ಕೇಳಿದನಂತೆ, ವಾರಸುದಾರ ನಾನೇ ಎಂದು. ಯಜಮಾನ ಲೆಕ್ಕ ಹಾಕಿ, ಇವನ ಕೊನೆಯ ಚೀಲದ ಬೀಸುಗೂಲಿ ಮುರಿದುಕೊಂಡು ಉಳಿದದ್ದು ಕೊಟ್ಟನಂತೆ. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಿರಣಿ ಈಗಿಲ್ಲ. ಆ ಜಾಗದಲ್ಲಿ ಟೈಲ್ಸ್ ಅಂಗಡಿ.

ಈಗ ನನ್ನ ಹತ್ತಿರ ಸಲಹೆಗೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಒಡಹುಟ್ಟಿದವರ ಜಾಗದ ಸಾಲ ತೀರಿಸುತ್ತೀರಾ, ತೀರಿಸಿ, ಪುಣ್ಯ ಬರಲಿ. ಆದರೆ ದುಡ್ಡು ಕೈಬಿಡುವ ಮುಂಚೆ ಪತ್ರ ರಿಜಿಸ್ಟರ್ ಆಗಲಿ. ಹಾಗೆಂದರೆ ಮುಖ ಹುಳ್ಳಗೆ ಮಾಡುತ್ತಾರೆ. "ತಮ್ಮ ಅಲ್ವಾ ಸಾರ್" ಎನ್ನುತ್ತಾರೆ. ನಾನು ಗಿರಣಿ ಅಕ್ಕನ ಕಥೆ ಹೇಳುತ್ತೇನೆ. ಕೇಳಿ ಲೊಚಗುಟ್ಟುತ್ತಾರೆ, ಹೋಗಿ ಸುಮ್ಮನೆ ಕಟ್ಟುತ್ತಾರೆ.

ನಾನು ಹಾಗೆ ಮಾಡಲಿಲ್ಲ. ಹೊಳಲೂರಿನಲ್ಲಿರುವ ನನ್ನ ತಮ್ಮನ ಕೋಳಿ ಫಾರಂ ಬ್ಯಾಂಕಿನ ಬಾಯಿಗೆ ಬಂದಾಗ ಪೂರ್ತಿ ಸಾಲ ನಾನೇ ತೀರಿಸಿದೆ. ಆದರೆ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದೆ. ಅವನು ಹೆಬ್ಬೆಟ್ಟು ಒತ್ತಿದ, ಸಹಿ ಹಾಕಿದ, ಬೆರಳು ಒರೆಸಿಕೊಂಡ. ಕಾಫಿ ಕುಡಿಯೋಣ ಬಾ ಎಂದೆ. "ಬೇಡ ಅಣ್ಣ, ಬಸ್ಸಿದೆ," ಎಂದ. ನಾನು ಮಾಡಿದ್ದು ಸರಿ. ನಾಳೆ ಕೇಳಿದರೂ ಹಾಗೇ ಮಾಡುತ್ತೇನೆ. ಪತ್ರ ಬೀರುವಿನಲ್ಲಿ ಭದ್ರವಾಗಿದೆ.

ಅದಕ್ಕೆ ಮುಂಚೆ ಅವನು ಬರುವಾಗಲೆಲ್ಲ ತಮ್ಮೂರಿನಲ್ಲೇ ಬೀಸಿಸಿದ ಗೋಧಿಹಿಟ್ಟು ತರುತ್ತಿದ್ದ. ನಮಗೆ ಈ ಹೊಸಮನೆಯ ಮಿಲ್ಲಿನ ಹಂಗೇ ಇರಲಿಲ್ಲ.

"ಈ ಹಿಟ್ಟು ಚೆಲ್ಲಿಬಿಡ್ಲಾ?" ಎಂದು ಕೇಳಿದಳು ಹೆಂಡತಿ. ಬೇಡ ಎಂದೆ. ಖಾರದ ಹಿಟ್ಟು ತುಂಬಿಸಿಟ್ಟಿರುವ ಆ ಸ್ಟೀಲ್ ಡಬ್ಬ ತಮ್ಮನದು, ಕೊನೆಯ ಸಲ ಬಂದಾಗ ಬಿಟ್ಟುಹೋದದ್ದು. ಕೇಳಲು ಅವನು ಬಂದಿಲ್ಲ. ಕೊಡಲು ನಾನು ಹೋಗಿಲ್ಲ…