ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದವರು

ಅವರ ಅಂಗೈ ಗ್ರೀಸು ಕುಡಿದು ಕಾವಲಿಯಂತೆ ಕಪ್ಪಾಗಿತ್ತು. ಹಿಂಗೈ ಮಾತ್ರ ಆಗತಾನೆ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರ. ಆ ಬೆಳಿಗ್ಗೆ ಫೋನು ಕೆಳಗಿಟ್ಟಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹಿಂಗೈಯೇ.

ಎಂದಿನ ಬೆಳಿಗ್ಗೆಯೇ ಅದು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿ, ಆರಿದ ಕಾಫಿಯನ್ನು ಎರಡನೇ ಸಲ ಬಿಸಿ ಮಾಡುತ್ತಿದ್ದೆ. ಬಟವಾಡಿಯ ನಮ್ಮ ಮೆಕ್ಯಾನಿಕ್ ಅಣ್ಣನ ಹೆಂಡತಿ ಅವರ ಊರಾದ ನಿಟ್ಟೂರಿನಿಂದ ಫೋನು ಮಾಡಿದರು. "ನಮ್ಮನೆಯವ್ರು ಹೋಗ್ಬಿಟ್ರು ಕಣಮ್ಮ. ಹತ್ತು ಗಂಟೆಗೆಲ್ಲ ಎತ್ತಿಬುಡ್ತಾರೆ."

ಗಡಿಯಾರ ಎಂಟೂವರೆ ದಾಟಿತ್ತು. ಬಸ್ಸಿಗೆ ಕಾದರೆ ಮುಖ ಸಿಗುವುದಿಲ್ಲ. ಅಪ್ಪನ ಬೈಕಿನ ಕೀ ತೆಗೆದುಕೊಂಡೆ.

ಅಪ್ಪ ತೀರಿಕೊಂಡ ಮೇಲೆ ಕುಣಿಗಲ್ಲಿನಿಂದ ನನ್ನ ಮನೆಗೆ ಬಂದ ಬೈಕು ಅದು. ಕೆರೆ ಏರಿಯ ಮೇಲೆ ಅಪ್ಪ ನನಗೆ ಓಡಿಸಲು ಕಲಿಸಿದ್ದು ಅದರಲ್ಲೇ. ತುಕ್ಕು ನೋಡಲಾಗದೆ ಒಂದೊಂದೇ ಬೋಲ್ಟು ಬಿಚ್ಚಿ ಕರಿ ಪೇಂಟು ಬಳಿದಿದ್ದೆ. ಬಿಳಿ ಜಾಗ ಉಳಿಯದಂತೆ ಬಣ್ಣ ತುಂಬಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ, ಅದೇ ಶ್ರದ್ಧೆಯಿಂದ, ಬೋಲ್ಟಿನ ಅಡಿಯನ್ನೂ ಬಿಡದೆ. ಅಂದಿನಿಂದ ಬೈಕು ಮುನಿಸಿಕೊಂಡಿತು. ಎರಡು ಬ್ಯಾಟರಿ ಬದಲಾದವು. ಕಿಕ್ಕರ್ ಒದೆಯುವಷ್ಟು ಬಲ ನನ್ನ ಮಂಡಿಗಿಲ್ಲ. "ಇನ್ನು ಗುಜರಿಗೆ ಹಾಕೋದೇ," ಅಂದರು ಯಜಮಾನರು.

ಹಾಗೆ ತಳ್ಳಿಸಿಕೊಂಡು ಹೋಗಿದ್ದು ಹೆದ್ದಾರಿ ಪಕ್ಕದ ಆ ತಗಡಿನ ಶೆಡ್ಡಿಗೆ. ಅಣ್ಣ ಗಾಡಿ ಮುಟ್ಟಲೇ ಇಲ್ಲ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು, "ಸೆಲ್ಫ್ ಒತ್ತಮ್ಮ," ಅಂದರು. ಕಟ್ ಕಟ್ ಅಂದು ಸುಮ್ಮನಾಯಿತು. "ಇನ್ನೊಂದ್ಸಲ. ಬುಡಬೇಡಿ." ಆಮೇಲೆ ಎದ್ದು ವೈರಿನ ತುದಿಗಳನ್ನು ಒಂದೊಂದಾಗಿ ಹಿಂಗೈಯಿಂದ ಮುಟ್ಟುತ್ತ ಹೋದರು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

"ಎಷ್ಟು ಬ್ಯಾಟ್ರಿ ಆಯ್ತು?"

"ಎರಡು ಅಣ್ಣ."

"ಬ್ಯಾಟ್ರಿ ಅಂಗ್ಡಿಯವ್ನು ನಿಮ್ ಫೋಟೋ ಇಟ್ಟು ಪೂಜೆ ಮಾಡ್ತಾವ್ನೆ ಬುಡಿ! ಬಿಂದಿಗೆ ತುಂಬ್ಲಿಲ್ಲ ಅಂತ ಬಿಂದಿಗೆ ಬದಲಾಯಿಸ್ತಾರಾ ತಾಯಿ? ದಾರೀಲಿ ಯಾರು ಪೈಪ್ ತುಳ್ಕೊಂಡವ್ರೆ ನೋಡ್ಬೇಕು."

ಫ್ರೇಮಿಗೆ ಕೂರುವ ಅರ್ತ್ ವೈರಿನ ಬೋಲ್ಟಿನ ಹತ್ತಿರ ಅವರ ಕೈ ನಿಂತಿತು. "ಮುಟ್ಟಿ ಇಲ್ಲಿ. ಬೆಚ್ಗಿಲ್ವಾ? ತಣ್ಣಗಿದ್ರೆ ಯೋಚ್ನೆ ಇಲ್ಲ ಕಣಮ್ಮ. ಬಿಸಿ ಇರೋ ಕಡೆನೇ ನೋವು."

ಬಿಚ್ಚಿದರೆ, ಅಡಿಯಲ್ಲಿ ನನ್ನ ಕರಿ ಪೇಂಟು ಕನ್ನಡಿಯಂತೆ ಹೊಳೆಯುತ್ತಿತ್ತು. ನಾಚಿಕೆಯಿಂದ ಸೆರಗು ಹಿಡಿದು ನಿಂತೆ. ಅವರು ಬೈಯಲಿಲ್ಲ. ಒಂದು ಚೂರು ಉಪ್ಪುಕಾಗದ ನನ್ನ ಕೈಗೇ ಕೊಟ್ಟರು. "ಬಳಿದೋರೇ ಉಜ್ಜಿ. ಕಬ್ಣಕ್ಕೆ ಕಬ್ಣ ಮುಟ್ಬೇಕು, ಪೇಂಟು ಅಡ್ಡ ಕೂತ್ರೆ ಕರೆಂಟು ಹರಿಯಕಿಲ್ಲ." ಉಜ್ಜಿ ಬಿಗಿಸಿದ ಮೇಲೆ ಬೈಕು ಅಪ್ಪನ ಕಾಲದ ದನಿಯಲ್ಲಿ ಗುಡುಗಿತು. ಆಕ್ಸಿಲರೇಟರ್ ತಿರುಗಿಸಿದಂತೆ ಹೆಡ್‌ಲೈಟಿನ ಬೆಳಕು ತಗಡಿನ ಗೋಡೆಯ ಮೇಲೆ ಹೊಂಬಣ್ಣಕ್ಕೆ ಅರಳಿತು. "ನೋಡಿ, ಚಾರ್ಜ್ ಆಯ್ತಾ ಅದೆ," ಎಂದು ಅವರೂ ಅದನ್ನೇ ನೋಡುತ್ತ ನಿಂತರು. ಉಪ್ಪುಕಾಗದದ ಚೂರನ್ನು ಒಂದು ಸ್ಪ್ಯಾನರ್ ಜೊತೆ ಮಡಚಿ ಸೀಟಿನ ಕೆಳಗೆ ಇಟ್ಟಿದ್ದರು.

ಆ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಮತ್ತೆ ಅದೇ ಕಟ್ ಕಟ್. ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ. ಕಣ್ಣು ತುಂಬಿ ಬಂತು. ಕೇಳೋಣವೆಂದರೆ ಅವರೇ ಇಲ್ಲ. ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಒಂದು ಕೈಯಿಂದ ಸೆಲ್ಫ್ ಒತ್ತಿ ಹಿಡಿದು, ಬಿಟ್ಟು, ಹಿಂಗೈಯಿಂದ ಒಂದೊಂದೇ ತುದಿ ಮುಟ್ಟಿದೆ. ತಣ್ಣಗೆ. ತಣ್ಣಗೆ. ಅದೇ ಬೋಲ್ಟಿನಲ್ಲಿ ಬೆಚ್ಚಗೆ. ಬಿಚ್ಚಿದೆ, ಹಸಿರು ಕಿಲುಬು. ಉಪ್ಪುಕಾಗದ ಸೀಟಿನ ಕೆಳಗೆ ಹಾಗೇ ಇತ್ತು. ಉಜ್ಜಿ, ಬಿಗಿಸಿ, ಒತ್ತಿದೆ. ಬೈಕು ಗುಡುಗಿತು.

ಗುಬ್ಬಿ ದಾಟುವವರೆಗೂ ರಸ್ತೆ ಮಂಜಿನಲ್ಲಿ ತೇಲುತ್ತಿತ್ತೋ, ನನ್ನ ಕಣ್ಣೇ ಹಾಗಿತ್ತೋ ತಿಳಿಯದು. ನಿಟ್ಟೂರು ತಲುಪಿದಾಗ ಚಟ್ಟ ಕಟ್ಟುತ್ತಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, "ಗಾಡೀಲೇ ಬಂದ್ರಾ? ಮೊನ್ನೆನೂ ಕೇಳ್ತಿದ್ರು, ಆ ಅಮ್ಮನ ಗಾಡಿ ಸ್ಟಾರ್ಟ್ ಆಯ್ತದಾ ಅಂತ," ಎಂದು ಅತ್ತರು.

ಎದೆಯ ಮೇಲೆ ಜೋಡಿಸಿದ್ದ ಅಣ್ಣನ ಕೈಯನ್ನು ಹಿಂಗೈಯಿಂದ ಮುಟ್ಟಿದೆ. ತಣ್ಣಗಿತ್ತು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಸಂಜೆ ದೀಪ ಹಚ್ಚಿ ಹೊರಗೆ ಬಂದೆ. ಒದ್ದೆ ಕೂದಲು ಬೆನ್ನಿಗಂಟಿತ್ತು. ಕಾಂಪೌಂಡಿನ ಆಚೆ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ನಕ್ಕರು.

"ಏನ್ರೀ, ಬೆಳಿಗ್ಗೆ ಗಾಡಿ ಹತ್ರ ಕೂತು ಮುಟ್ಟಿ ಮುಟ್ಟಿ ನೋಡ್ತಿದ್ರಿ? ಜ್ವರ ಏನಾದ್ರೂ ಬಂದಿತ್ತಾ ಅದಕ್ಕೆ?"