ಆಕೆ ಕೇಳಿದ್ದು ಮೆತ್ತನೆಯ ಸೀರೆ

“ಅಣ್ಣ, ನೀವು ಬಾಯಿ ಮುಚ್ಚಿದ್ರೆ ತಾನೆ ನಾನು ಹೇಳೋದು ಕೇಳ್ಸೋದು?” ಎನ್ನುತ್ತ ರಾಜಾಜಿನಗರದ ನನ್ನ ಸೀರೆ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. “ಅಮ್ಮಂಗೆ ಹೊಟ್ಟೆ ಆಪರೇಷನ್ ಆಗಿದೆ, ಹೊಲಿಗೆಗೆ ಒತ್ತದೇ ಇರೋ ಮೆತ್ತನೆ ಕಾಟನ್ ಸೀರೆ ಬೇಕು ಅಂತ ಬಂದಾಗ್ಲಿಂದ ಹೇಳ್ತಾನೇ ಇದೀನಿ.”

ಗಲ್ಲಾದಲ್ಲಿ ಕೂತು ಸಗಟು ವ್ಯಾಪಾರಿಯೊಂದಿಗೆ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದ ನಾನು ತಲೆಯೆತ್ತಿದೆ. ನಮ್ಮ ಸೇಲ್ಸ್‌ಮನ್ ಮಂಜುನಾಥ ಆಕೆಯ ಮುಂದೆ ಜರಿಯಂಚಿನ ಮದುವೆ ಸೀರೆಗಳನ್ನು ಗುಡ್ಡೆ ಹಾಕಿದ್ದ. ಆಕೆ ಮೆಟ್ಟಿಲಿಳಿಯುತ್ತಿದ್ದರೂ “ಮೇಡಂ, ಡಿಸ್ಕೌಂಟ್ ಇದೆ” ಎಂದು ಕೂಗಿದ. ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಆಕೆಯ ಆಟೊ ಹೊರಟುಹೋಗಿತ್ತು.

ಸಿಟ್ಟಿನಿಂದ ಮಂಜುನಾಥನ ಬಳಿಗೆ ವಾಪಸ್ ಬಂದೆ. “ಏನಯ್ಯಾ, ಅವ್ರು ಕೇಳಿದ್ದೇನು?” ಎಂದೆ.

“ಏನೋ ಕಾಟನ್ ಅಂದಂಗಿತ್ತು ಸಾರ್. ರೇಷ್ಮೆ ನೋಡಿದ್ರೆ ಮನಸ್ಸು ಬದಲಾಗತ್ತೆ ಅಂದ್ಕೊಂಡೆ.”

“ಆಸ್ಪತ್ರೆ ಮಂಚದ ಮೇಲೆ ಮಲಗಿರೋರಿಗೆ ಜರಿ ಸೀರೆ ಉಡ್ಸಕ್ಕಾಗತ್ತಾ?”

ಫುಟ್‌ಪಾತಿನಲ್ಲಿ ಸೀರೆ ಮಾರಿ ಮೇಲೆ ಬಂದವನು ನಾನು. ಅಂಗಡಿ ಇಟ್ಟವರಿಗೆಲ್ಲ ಹೇಳುತ್ತೇನೆ, ಗಿರಾಕಿ ಕೇಳಿದ್ದನ್ನು ನಿಮ್ಮ ಕೆಲಸಗಾರ ಒಮ್ಮೆ ತಿರುಗಿ ಹೇಳಲಿ, ಆಮೇಲೆ ಸೀರೆ ಬಿಡಿಸಲಿ. ನಮ್ಮಲ್ಲಿ ಈಗ ಅದೇ ನಿಯಮ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಆ ತಾಯಿಗೆ ಬೇಕಿದ್ದ ಸೀರೆ ಮಂಜುನಾಥನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು.